ಐದೂವರೆ ಮನೆ

ನಮ್ಮ ಕಡೆ ಹಾಡುವವರನ್ನು "ನಿಮ್ಮ ಶ್ರುತಿ ಎಷ್ಟು ಮನೆ?" ಅಂತಲೇ ಕೇಳುವುದು. ಹಾರ್ಮೋನಿಯಮ್ಮಿನ ಬಿಳಿ ಕೀಗಳನ್ನು ಎಣಿಸುತ್ತ ಹೋದರೆ ಒಂದೊಂದೂ ಒಂದು ಮನೆ. ನಡುವೆ ಕಪ್ಪು ಕೀ ಬಂದರೆ ಅರ್ಧ. ನನ್ನದು ಐದೂವರೆ ಮನೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಹತ್ತಿರ ಪಿಯಾನೋ, ಮನೆಯಲ್ಲಿ ಅಮ್ಮನ ಹತ್ತಿರ ದೇವರನಾಮ ಕಲಿತವಳು ನಾನು. ಸಂಗೀತದ ಎರಡು ಭಾಷೆಯೂ ಬರುತ್ತಿತ್ತು. ಆದರೂ ಹಾಲೆಂಡಿನ ಲೈಡನ್ ಊರಿನ ಒಂದು ಕಾಲೇಜು ಕಾರಿಡಾರಿನಲ್ಲಿ ಬಾಯಿಗೆ ಬಂದದ್ದು ಅಮ್ಮನದೇ.

ತೊಂಬತ್ತರ ದಶಕದ ಕೊನೆ ಅದು. ನಮ್ಮವರಿಗೆ ಅಲ್ಲಿ ರಿಸರ್ಚ್ ಕೆಲಸ. ಐವತ್ತು ದಾಟಿದ ನಾನು ಮತ್ತೆ ಸ್ಟೂಡೆಂಟ್. ಊರವರಿಗೆಲ್ಲ ತೆರೆದಿದ್ದ ಒಂದು ಸಣ್ಣ ಕಾಲೇಜಿನಲ್ಲಿ ಮ್ಯೂಸಿಕ್ ಕೋರ್ಸಿಗೆ ಸೇರಿದ್ದೆ. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ. ಕೊನೆಗೊಂದು ಆಡಿಷನ್, ಆಮೇಲೆ ದಾರಿ ಕವಲೊಡೆಯುತ್ತಿತ್ತು: ಕೆಲವರು ಟೀಚಿಂಗ್‌ಗೆ, ಕೆಲವರು ಪರ್ಫಾರ್ಮೆನ್ಸ್‌ಗೆ. "ಯೂ ವಿಲ್ ಮೇಕ್ ಎ ಫೈನ್ ಟೀಚರ್, ಚೈಲ್ಡ್" ಅಂತ ಸಿಸ್ಟರ್‌ಗಳು ಹೇಳಿದ್ದರು. ಹಾಗೇ ಆಯಿತು. ಕೂದಲು ಬೆಳ್ಳಗಾಗುವ ತನಕ ಮಕ್ಕಳಿಗೆ ಪ್ರೇಯರ್ ಹೇಳಿಕೊಟ್ಟೆ. ಈಗ ನನಗೆ ಸ್ಟೇಜ್ ಬೇಕಿತ್ತು. ಲೈಟು ನನ್ನ ಮೇಲಿರಬೇಕು, ಕೇಳುವವರು ಕತ್ತಲಲ್ಲಿ ಕೂತಿರಬೇಕು. ಒಂದೇ ಸಲ ಆದರೂ ಸಾಕು.

ಆಡಿಷನ್ನಿಗೆ ಅವರವರ ನಾಡಿನ ಒಂದು ಹಾಡು ಹಾಡಬೇಕಿತ್ತು. ನಾನು ಅಮ್ಮನ ಒಂದು ದೇವರನಾಮ ಆರಿಸಿಕೊಂಡೆ. ಪಿಯಾನೋಗೆ ನಮ್ಮ ಕ್ಲಾಸಿನ ಡಚ್ ಹುಡುಗಿ. ಕಾರಿಡಾರಿನಲ್ಲಿ ಸೈಕಲ್ ಕೀ ಬೆರಳಲ್ಲಿ ತಿರುಗಿಸುತ್ತ ಓಡುವ ಆತುರದಲ್ಲೇ ಕೇಳಿದಳು, "ಪ್ರಾಕ್ಟೀಸ್‌ಗೆ ನಾಳೆ ಬರ್ತೀನಿ. ನಿಮ್ಮದು ಯಾವುದು?"

ಅವಳು ಶ್ರುತಿ ಕೇಳಿದಳು ಅಂದುಕೊಂಡು, "ಮೈನ್ ಈಸ್ ಫೈವ್ ಅಂಡ್ ಎ ಹಾಫ್ ಹೌಸ್" ಅಂದೆ.

"ಓಕೆ!" ಅಂದು ಹೋದಳು. ನಮ್ಮ ಬೀದಿ ಅವಳಿಗೆ ಗೊತ್ತಿತ್ತು, ಮನೆ ನಂಬರ್ ಗೊತ್ತಿರಲಿಲ್ಲ.

ಮರುದಿನ ಕೋಡುಬಳೆ ಕರಿದಿಟ್ಟುಕೊಂಡು ಮಧ್ಯಾಹ್ನವೆಲ್ಲ ಕಾದೆ. ಅವಳು ಬರಲಿಲ್ಲ. ಅದರ ಮರುದಿನ ಕಾಲೇಜಿನಲ್ಲಿ ಹಿಡಿದುಕೊಂಡೆ.

"ಏನಮ್ಮಾ, ಬರಲೇ ಇಲ್ಲವಲ್ಲ?"

"ಬಂದಿದ್ದೆನಲ್ಲ, ಮೆವ್ರೌ!" ಅಲ್ಲಿ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆ. "ಐದಕ್ಕೂ ಏಳಕ್ಕೂ ನಡುವೆ ಸಣ್ಣ ಬಾಗಿಲು, ಫೈವ್ ಎ. ಅದೇ ಐದೂವರೆ ಅಂತ ನಗು ಬಂತು. ನಿಮ್ಮ ತಾಯಿ ಬಾಗಿಲು ತೆಗೆದರು. ಅವಳು ಮೇಲೆ ಹಾಡ್ತಿದ್ದಾಳೆ, ಡಿಸ್ಟರ್ಬ್ ಮಾಡಬೇಡ, ಇಲ್ಲೇ ಕೂತ್ಕೋ ಅಂದರು. ಕೂತು ಕೇಳಿಸಿಕೊಂಡು ಹೊರಟೆ. ಕ್ಲಾಸಿನಲ್ಲಿ ಯಾಕೆ ನೀವು ಹಾಗೆ ಹಾಡಲ್ಲ?"

ನಮ್ಮ ಮನೆ ಇದ್ದದ್ದು ಅದರ ಎದುರು ಸಾಲಿನಲ್ಲಿ, ಸಮ ಸಂಖ್ಯೆಗಳ ಬದಿಗೆ. ಅಮ್ಮ ಮೈಸೂರಿನಲ್ಲಿ ತೀರಿಹೋಗಿ ಎಷ್ಟೋ ವರ್ಷವಾಗಿತ್ತು.

"ಏನು ಕೇಳಿದೆ, ಗುನುಗು ನೋಡೋಣ."

ಗುನುಗಿದಳು. ಅದೇ ದೇವರನಾಮ. ಅನುಪಲ್ಲವಿಯಲ್ಲಿ ಅಮ್ಮ ಸಾಲನ್ನು ತಿರುವಿ ಹಾಡುವ ಒಂದು ಸಂಗತಿ ಹಾಕುತ್ತಿದ್ದಳು, ದನಿ ಮೇಲೇರಿ ನಿಂತು ಜಾರುತ್ತಿತ್ತು. ನನ್ನ ಗಂಟಲಿಗೆ ಅದು ಎಂದೂ ಬಗ್ಗಲಿಲ್ಲ, ಬಿಟ್ಟೇ ಹಾಡುತ್ತಿದ್ದೆ. ಕ್ಲಾಸಿನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಆ ಹುಡುಗಿ ಗುನುಗುತ್ತಲೇ ಅದನ್ನು ಹಾಗೆಯೇ ಹಾಕಿದಳು, ಜಾರುವುದೂ ಸೇರಿ.

ಮನೆಗೆ ಬಂದು ಇವರಿಗೆ ಹೇಳಿದರೆ ನಕ್ಕೇ ನಕ್ಕರು. "ಇಂಗ್ಲಿಷ್ ಕಾನ್ವೆಂಟಿಂದು, ಮನೆ ಮಾತ್ರ ಮೈಸೂರಿಂದು! ಯಾರದೋ ರೇಡಿಯೋ ಕಣೇ ಅದು."

"ಇಲ್ಲಿ ಯಾವ ರೇಡಿಯೋದಲ್ಲಿ ರೀ ದೇವರನಾಮ ಬರತ್ತೆ?"

ಕೋಟು ಹಾಕಿಕೊಂಡು ಬೀದಿ ದಾಟಿದೆ.

ಆ ಸಾಲಿನಲ್ಲಿ ಎಲ್ಲರ ಕಿಟಕಿಗೂ ಪರದೆ ಸರಿದಿತ್ತು, ಒಳಗೆ ಹೂಕುಂಡ, ಸೋಫಾ ಎಲ್ಲ ಕಾಣುತ್ತಿದ್ದವು. ಫೈವ್ ಎ ಬಾಗಿಲ ಪಕ್ಕ ಕಿಟಕಿಯೇ ಇರಲಿಲ್ಲ. ಬೆಲ್ ಒತ್ತಿದೆ. ಬಿಳಿ ಕೂದಲಿನ ಡಚ್ ಮುದುಕಿಯೊಬ್ಬರು ತೆಗೆದರು, ಉಣ್ಣೆ ಸ್ವೆಟರ್, ಮನೆಯಲ್ಲಿ ಹಾಕುವ ಚಪ್ಪಲಿ. ಇವರನ್ನು ನನ್ನ ತಾಯಿ ಅಂತ ಆ ಹುಡುಗಿ ಹೇಗೆ ಅಂದುಕೊಂಡಳೋ. ನನ್ನ ಅಂಗಡಿ-ಬೀದಿಯ ಡಚ್‌ನಲ್ಲಿ ಕೇಳಿದೆ, ನಿನ್ನೆ ಇಲ್ಲಿ ಹಾಡಿದ್ದು ಯಾರು?

ಅವರು ನನ್ನನ್ನೇ ದಿಟ್ಟಿಸಿದರು. "ನೀವೇ," ಅಂದು ಮೆಟ್ಟಿಲ ಕಡೆ ಕೈ ತೋರಿಸಿದರು.

ಏಣಿಯಂಥ ಕಡಿದಾದ ಮೆಟ್ಟಿಲು. ಮೇಲೆ ಖಾಲಿ ಕೋಣೆ. ಕುರ್ಚಿ ಇಲ್ಲ, ರೇಡಿಯೋ ಇಲ್ಲ. ಮರದ ನೆಲದ ಮೇಲೆ ಧೂಳು, ಅದರ ಮೇಲೆ ನನ್ನ ಶೂ ಗುರುತು ಬಿಟ್ಟರೆ ಇನ್ನೊಂದು ಇಲ್ಲ. ಆದರೆ ನಾನು ಬಾಯಿ ತೆರೆಯುವ ಮೊದಲೇ ಅಲ್ಲಿ ಷಡ್ಜ ಇತ್ತು. ಹೀಟರ್ ಪೈಪಿನದಿರಬಹುದು. ತೆಳ್ಳಗೆ, ಒಂದೇ ಸಮ, ಸರಿಯಾಗಿ ಐದೂವರೆ ಮನೆ. ತಂಬೂರಿ ಸಿಕ್ಕಿದ ಹಾಗೆ ಅದನ್ನು ಹಿಡಿದು ಹಾಡಿದೆ. ಯಾಕೆ ಹಾಡಿದೆನೋ, ಗಾಡ್ ನೋಸ್. ಅನುಪಲ್ಲವಿಯಲ್ಲಿ ಆ ಸಂಗತಿಯ ಜಾಗ ಬಂದಾಗ ಎಂದಿನಂತೆ ಬಿಟ್ಟೆ. ಬಿಟ್ಟ ಕಡೆ ಕೋಣೆ ಉಸಿರು ಹಿಡಿದಂತೆ ಸುಮ್ಮನಾಯಿತು. ಪೈಪಿನ ಸದ್ದೂ ನಿಂತಿತ್ತು.

ಇಳಿದು ಬಂದಾಗ ಮುದುಕಿ ಬಾಗಿಲು ಹಿಡಿದು ನಿಂತಿದ್ದರು. "ಗಿಸ್..." ಅಂದರು. ನನ್ನ ಶ್ರುತಿಗೆ ಡಚ್ಚರು ಇಟ್ಟ ಹೆಸರು ಗಿಸ್. ಇವರಿಗೂ ಸಂಗೀತ ಬರತ್ತೆ ಅಂತ ಒಂದು ಕ್ಷಣ ಹಿಗ್ಗಿದೆ. ಅವರು ಮಾತು ಮುಗಿಸಿದರು: "ಗಿಸ್ತರೆನ್ ವಾಸ್ ಬೇತರ್." ನಿನ್ನೆ ಇನ್ನೂ ಚೆನ್ನಾಗಿತ್ತು.

ಆಡಿಷನ್ ದಿನ ಸುಮಾರಾಗಿ ಹಾಡಿದೆ. ಸಂಗತಿಯ ಜಾಗದಲ್ಲಿ ನಾನು ಸುಮ್ಮನಾದಾಗ ಆ ಹುಡುಗಿ ಅದನ್ನು ಪಿಯಾನೋದಲ್ಲಿ ನುಡಿಸಿಬಿಟ್ಟಳು, ನನ್ನನ್ನು ನೋಡಿ ನಗುತ್ತ, ನೆನಪು ಮಾಡಿಕೊಡುವವಳ ಹಾಗೆ. ನಾನು ಕಣ್ಣು ತಪ್ಪಿಸಿ ಚರಣಕ್ಕೆ ಹೋದೆ.

ಮೂವರು ಪರೀಕ್ಷಕರು ತಲೆ ಸೇರಿಸಿದರು. ಹಿರಿಯಾಕೆ ಕನ್ನಡಕ ತೆಗೆದು ಮೆಲ್ಲಗೆ ಅಂದರು, "ನಿಮ್ಮ ಅನುಭವಕ್ಕೆ ಟೀಚಿಂಗೇ ಸರಿ ಅನಿಸತ್ತೆ, ಮೆವ್ರೌ."

ಪಿಯಾನೋ ಹುಡುಗಿ ಎದ್ದೇಬಿಟ್ಟಳು. "ಇದು ಬರೀ ನರ್ವಸ್‌ನೆಸ್! ಅವರು ಮನೆಯಲ್ಲಿ ಹಾಡೋದನ್ನ ನೀವು ಕೇಳಬೇಕು. ನಾನು ಕೇಳಿದ್ದೀನಿ. ನನಗೆ ಅಳು ಬಂತು."

"ಅದು ನಾನಲ್ಲ," ಅಂದೆ. "ಶ್ರುತಿ ನನ್ನದು. ದನಿ ನನ್ನದಲ್ಲ."

ಮೂವರೂ ನಕ್ಕರು. ಹಿರಿಯಾಕೆಯ ಮುಖ ಪೂರಾ ಬದಲಾಯಿತು. "ಒಳ್ಳೆ ಹಾಡುಗಾರರೆಲ್ಲ ಹೀಗೇ ಹೇಳೋದು. ಸರಿ, ಪರ್ಫಾರ್ಮೆನ್ಸ್."

ಇನ್ನೊಂದು ಸಲ ಹೇಳಿದೆ, ನಿಜವಾಗಿಯೂ ನಾನಲ್ಲ ಅಂತ. ಅವರು ಮುಂದಿನವರನ್ನು ಕರೆದಾಗಿತ್ತು.

ಖುಷಿ ಆಗಲಿಲ್ಲ ಅಂದರೆ ಸುಳ್ಳು. ಆಯಸ್ಸೆಲ್ಲ ಕಾದ ಮಾತು ಅದು. ಥ್ಯಾಂಕ್ ಯೂ ಅಂದು ತೆಗೆದುಕೊಂಡೆ. ಎರಡನೆಯ ವರ್ಷವೆಲ್ಲ ಕಿಟಕಿ ಭದ್ರವಾಗಿ ಮುಚ್ಚಿಕೊಂಡು ಸಾಧನೆ ಮಾಡಿದೆ. ಚಳಿಗೆ ಅಂತ ಇವರು ತಿಳಿದಿದ್ದರು. ನಾನು ಉಸಿರಿಗೆ ನಿಲ್ಲಿಸಿದಾಗ ಎದುರು ಮನೆಗಳಿಂದ ಯಾರಾದರೂ ಹಾಡಿನ ಮುಂದಿನ ಸಾಲು ಎತ್ತಿಕೊಂಡರೆ ಅಂತ ನನಗೆ ಭಯ.