ರೈಲಿನಲ್ಲಿ ಒಂದು ಮೆಟಲ್ ಆಲ್ಬಂ ಜಗಳ

ಬಿಡದಿಯ ಫ್ಯಾಕ್ಟರಿಗೆ ಮಧ್ಯಾಹ್ನದ ಶಿಫ್ಟಿಗೆ ಹೊರಟಿದ್ದೆ. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಮಾರಿ ರೈಲು ಹತ್ತಿದ ರೈತ ಹೆಂಗಸೊಬ್ಬರು ಎದುರಿಗೆ ಕೂತು ನನ್ನ ಟೀ ಶರ್ಟನ್ನೇ ನೋಡತೊಡಗಿದರು. ಅದರ ಮೇಲೆ ಗ್ರೂವ್ ಮೆಟಲ್ ಅನ್ನುವ ಅಬ್ಬರದ ರಾಕ್ ಸಂಗೀತದ ನನ್ನ ಮೆಚ್ಚಿನ ಆಲ್ಬಂನ ತಲೆಬುರುಡೆ ಚಿತ್ರವಿತ್ತು.

"ಈ ಆಲ್ಬಂ ಚೆಂದಾಗಿಲ್ಲ ಕಣಪ್ಪ," ಅಂದರು. "ಡ್ರಮ್ಸ್ ಏನೋ ಸರಿ, ಗಿಟಾರಲ್ಲಿ ತೂಕ ಇಲ್ಲ. ಇದಕ್ಕಿಂತ ಅವರ ಹಿಂದಿನ ಆಲ್ಬಮ್ಮೇ ವಾಸಿ."

ನಾನು ದಂಗಾದೆ. "ನಿಮಗೆ ಹೆಂಗೆ ಗೊತ್ತಮ್ಮ?"

"ನನ್ ಮಗ ಹಂಗಂತಿದ್ದ. ದಿನಾ ಜೋರಾಗಿ ಹಾಕೋನು, ನಾನು ಬೈತಿದ್ದೆ. ಹೋದ ವರ್ಷ ಬೈಕಿಂದ ಬಿದ್ದು ತೀರ್ಕಂಬುಟ್ಟ. ಈಗ ಅವನ ಫೋನಲ್ಲಿ ನಾನೇ ಕೇಳ್ತೀನಿ."

"ಹೌದಮ್ಮ, ಅಷ್ಟೇನೂ ಚೆನ್ನಾಗಿಲ್ಲ ಬಿಡಿ," ಎಂದೆ.

ಅವರ ಮುಖ ಸಪ್ಪಗಾಯಿತು. "ಒಪ್ಕಬ್ಯಾಡ ಕಣಪ್ಪ. ಅವನ ಜೊತೆ ಕಿತ್ತಾಡ್ತಿದ್ದ ಫ್ರೆಂಡ್ಸೂ ಈಗ ನಾನು ಏನಂದ್ರೂ ಹೂಂ ಅಂತಾರೆ."

ಹಾಗಾಗಿ ಜಗಳ ತೆಗೆದೆ. ಮೂರನೇ ಹಾಡಿನ ಗಿಟಾರ್ ಸರಿಯಾಗಿ ಕೇಳಿದ್ದೀರಾ ಅಂದೆ. ಅವರು ಮಗನ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡು, ಕಣ್ಣೊರೆಸಿಕೊಳ್ಳುತ್ತಲೇ ನನ್ನ ಬಾಯಿ ಮುಚ್ಚಿಸಿದರು. ನಾನು ಬಿಡದಿಯಲ್ಲಿ ಇಳಿಯುವಾಗ, "ನಿಂಗೆ ಒಸಿ ಕಿವಿ ಮಂದ ಕಣಪ್ಪ," ಅಂದರು.

ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ಆದರೆ ಅಂದು ನನ್ನನ್ನು ಸೋಲಿಸಿದವನ ಮುಖವನ್ನು ಮಾತ್ರ ನಾನು ನೋಡಲೇ ಇಲ್ಲ.