ಮಾಸ್ತರರ ಮನೆಯ ಸೋಸಿದ ನೀರು

ಗಂಗಾವತಿಯ ನಮ್ಮ ಮನೆಯ ನಳಕ್ಕೆ ಎರಡು ದಿನಕ್ಕೊಮ್ಮೆ ನೀರು ಬರುತ್ತದೆ. ನೀರಿಗಿಂತ ಮೊದಲು ಅದರ ವಾಸನೆ ಬರುತ್ತದೆ. ಬ್ಲೀಚಿಂಗ್ ಪುಡಿಯ ಘಾಟು ಹಿತ್ತಲಿನಿಂದ ನಡುಮನೆಯವರೆಗೂ ಹೊಡೆಯುತ್ತದೆ. ಮೊನ್ನೆ ತಮ್ಮನ ಸೊಸೆ ಹಳೆಯ ಧೋತರದ ತುಂಡೊಂದನ್ನು ಎರಡು ಪದರ ಮಾಡಿ ನಳದ ಬಾಯಿಗೆ ಕಟ್ಟಿದಳು. ಒಂದು ಕೊಡ ತುಂಬುವಷ್ಟರಲ್ಲಿ ಬಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗಿ ಜೋತುಬಿತ್ತು. "ಇಷ್ಟು ದಿನ ಇದನ್ನ ಕುಡದೀವಿ ನೋಡ್ರಿ ಅತ್ತಿ," ಎಂದಳು. ಆ ಒದ್ದೆ ಬಟ್ಟೆ ಕಂಡದ್ದೇ ತಡ, ನಮ್ಮೂರಿನ ಮಾಸ್ತರರು ನೆನಪಾದರು. ನೆನಪಾದ ಕೂಡಲೇ ಎಂದಿನಂತೆ ಮನಸ್ಸಿನಲ್ಲೇ ಬೈಯತೊಡಗಿದೆ.

ಅವರ ಹೆಸರು ಬರೆಯುವುದಿಲ್ಲ. ಅವರು ಸತ್ತ ಮೇಲೆ ಊರವರು ಒಂದು ಓಣಿಗೆ ಅವರ ಹೆಸರಿಟ್ಟರಂತೆ. ಅಷ್ಟು ಮರ್ಯಾದೆ ಸಾಕು, ನನ್ನ ಕೈಯಿಂದಲೂ ಬೇಡ.

ನಮ್ಮೂರು ಕುಷ್ಟಗಿ ಸೀಮೆಯಲ್ಲಿತ್ತು, ಆಗ ಅದು ಹೈದರಾಬಾದ್ ನಿಜಾಮನ ರಾಜ್ಯ. ರಜಾಕಾರರ ಗಲಾಟೆಗೆ ಐದಾರು ವರ್ಷ ಮೊದಲಿನ ಮಾತು ಇದು. ಕಣ್ಣು ಹಾಯಿಸಿದಷ್ಟೂ ಒಣ ಭೂಮಿ, ಕರಿಕಲ್ಲು, ಜಾಲಿ. ಇಡೀ ಊರಿಗೆ ಕುಡಿಯುವ ನೀರಿಗೆ ಇದ್ದದ್ದು ಒಂದೇ ಪಾವಟಿಗೆ ಬಾವಿ. ತಳದವರೆಗೂ ಕಲ್ಲಿನ ಮೆಟ್ಟಿಲು. ಹಗ್ಗ, ಗಡಗಡಿ ಏನೂ ಇರಲಿಲ್ಲ. ಇಳಿದು ಹೋಗಿ, ಮೊಣಕಾಲುಮಟ ನೀರಲ್ಲಿ ನಿಂತು, ಕೊಡ ಮುಳುಗಿಸಿ ಹೊತ್ತು ತರಬೇಕು. ಊರಿಗೆ ಊರೇ ಹಾಗೆ ತರುತ್ತಿತ್ತು. ಆ ಬಾವಿಯನ್ನು ತೋಡಿಸಿದವರು ಮಾಸ್ತರರ ಅಜ್ಜ. ಬಾವಿಯ ಬಾಯಲ್ಲೇ ಅವರ ಹೆಸರಿನ ಕಲ್ಲಿತ್ತು. ಯುಗಾದಿಯ ದಿನ ಮೊದಲ ಕೊಡ ಎತ್ತುವುದು ಆ ಮನೆಯವರದೇ ಹಕ್ಕು. ಅವರು ಎತ್ತುವವರೆಗೆ ಎಲ್ಲರೂ ಖಾಲಿ ಕೊಡ ಹಿಡಿದು ಬಿಸಿಲಲ್ಲಿ ನಿಲ್ಲುತ್ತಿದ್ದೆವು.

ನಾನು ಆ ಮನೆಗೆ ನೀರು ಹೊರುವ ಕೆಲಸಕ್ಕೆ ಸೇರಿದಾಗ ನನಗೆ ಹದಿಮೂರೋ ಹದಿನಾಲ್ಕೋ... ಅಪ್ಪ ಇರಲಿಲ್ಲ. ಅವ್ವ ಹೊಲದ ಕೂಲಿಗೆ ಹೋಗುತ್ತಿದ್ದಳು. ದಿನಕ್ಕೆ ಹನ್ನೆರಡು ಕೊಡ ಹೊತ್ತರೆ ಮಾಸ್ತರರ ಹೆಂಡತಿ, ನಾವು ಅಕ್ಕಾರು ಎನ್ನುತ್ತಿದ್ದೆವು, ಎರಡು ರೊಟ್ಟಿ, ಸುಗ್ಗಿಯಲ್ಲಿ ಒಂದಿಷ್ಟು ಜೋಳ ಕೊಡುತ್ತಿದ್ದರು. ಹೊತ್ತು ತಂದ ನೀರನ್ನು ನೇರವಾಗಿ ಹಂಡೆಗೆ ಸುರಿಯುವಂತಿರಲಿಲ್ಲ. ಹಂಡೆಯ ಬಾಯಿಗೆ ಎರಡು ಪದರದ ಬಿಳಿ ಧೋತರ ಬಿಗಿದಿರುತ್ತಿತ್ತು. ಅದರ ಮೇಲೆ ನಿಧಾನಕ್ಕೆ ಸೋಸಿ ಸುರಿಯಬೇಕು. ಒಂದು ಹನಿ ಪಕ್ಕದಿಂದ ಜಾರಿದರೂ ಅಕ್ಕಾರು ಇಡೀ ಹಂಡೆ ಬರಿದು ಮಾಡಿಸುತ್ತಿದ್ದರು.

ನಾನು ಒಮ್ಮೆ ಮನೆಯಲ್ಲಿ ಅವ್ವನ ಹಳೇ ಸೀರೆಯ ಚೂರು ಹಿಡಿದು ಹಾಗೇ ಸೋಸಲು ಹೋದೆ. ಆಡುವ ಹುಡುಗಿಯ ಅನುಕರಣೆ ಅಷ್ಟೇ. ಅವ್ವ ಕೈಯಿಂದ ಕಿತ್ತುಕೊಂಡಳು.

"ಅದು ದೊಡ್ಡೋರ ಮಡಿ. ಅವರ ಪದ್ಧತಿ ನಮಗ್ಯಾಕ? ನಾಳೆ ಅವರಿಗೆ ಗೊತ್ತಾದ್ರ ನಮ್ಮನ್ನ ಅಣಕಿಸ್ತಾರ ಅನಕೋತಾರ."

ನಮ್ಮೂರಲ್ಲಿ ಎಲ್ಲರೂ ತಿಳಿದದ್ದು ಹಾಗೆಯೇ. ಪೂಜೆ ಮಾಡುವ ಮನೆ, ನೀರು ಸೋಸುತ್ತಾರೆ. ನಮ್ಮ ಮನೆಯಲ್ಲಿ ಪೂಜೆಗೆ ಪುರುಸೊತ್ತಿಲ್ಲ, ಸೋಸುವುದಿಲ್ಲ. ಬೇಸಿಗೆ ಬಂತೆಂದರೆ ಪ್ರತಿ ಓಣಿಯಲ್ಲಿ ನಾಲ್ಕು ಜನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದರು. ಅವರ ಕಾಲಿನ ಹುಣ್ಣಿನಿಂದ ಬಿಳೀ ದಾರದಂಥ ಹುಳ ಹೊರಬರುತ್ತಿತ್ತು. ನಾರು ಎನ್ನುತ್ತಿದ್ದೆವು ಅದಕ್ಕೆ. ಅದರ ತುದಿಯನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಿನಷ್ಟು ಎಳೆಯುತ್ತ ತಿಂಗಳುಗಟ್ಟಲೆ ಕೂರಬೇಕು. ತುಂಡಾಯಿತೋ, ಕಾಲು ಹೋಯಿತು. ಮಾಸ್ತರರ ಮನೆಯಲ್ಲಿ ಮಾತ್ರ ಯಾರಿಗೂ ನಾರು ಬರುತ್ತಿರಲಿಲ್ಲ. ಅವರ ದೇವರು ದೊಡ್ಡವನು ಎನ್ನುತ್ತಿದ್ದಳು ಅವ್ವ.

ಆ ವರ್ಷವೇ ಹೈದರಾಬಾದಿನಿಂದ ಒಬ್ಬ ಡಾಕ್ಟರ್ ಸಾಹೇಬರು ಬಾವಿ ನೋಡಲು ಬಂದರು. ಅವರಿಗೆ ಕನ್ನಡ ಬಾರದು, ಊರಿಗೆ ಉರ್ದು ಬಾರದು. ಎರಡೂ ಬಲ್ಲವರು ಮಾಸ್ತರರೊಬ್ಬರೇ. ಹೈದರಾಬಾದಿಗೆ ಹೋಗಿ ಟ್ರೇನಿಂಗ್ ಮಾಡಿ ಬಂದವರು. ಊರವರೆಲ್ಲ ಬಾವಿಯ ಸುತ್ತ ಸೇರಿದರು. ನಾನು ಕೊಡ ಹಿಡಿದು ಮೂರನೇ ಮೆಟ್ಟಿಲ ಮೇಲೆ ನಿಂತಿದ್ದೆ. ಸಾಹೇಬರು ಮೆಟ್ಟಿಲು ತೋರಿಸಿ ಏನೋ ಹೇಳಿದರು, ಕಾಲು ತೋರಿಸಿ ಏನೋ ಹೇಳಿದರು. ಆಮೇಲೆ ಕಿಸೆಯಿಂದ ತೆಳುವಾದ ಕರವಸ್ತ್ರ ತೆಗೆದು ತಂಬಿಗೆಯ ಬಾಯಿಗೆ ಹರಡಿ, ನೀರು ಸುರಿಸಿ, ಆ ಬಟ್ಟೆಯನ್ನು ಮುಂದಿದ್ದವರ ಮುಖದ ಹತ್ತಿರ ಹಿಡಿದರು. "ಛಾನ್‌ಕರ್ ಪೀಯೋ, ಛಾನ್‌ಕರ್ ಪೀಯೋ" ಎಂದು ಎರಡು ಮೂರು ಸಲ ಹೇಳಿದರು. ನನಗೆ ಆ ಸದ್ದು ಮಾತ್ರ ಕಿವಿಯಲ್ಲಿ ಉಳಿಯಿತು.

ಮಾಸ್ತರರು ರುಮಾಲು ಸರಿಮಾಡಿಕೊಂಡು ಊರವರ ಕಡೆ ತಿರುಗಿದರು.

"ಬಾವಿ ಸ್ವಚ್ಛ ಇಡ್ರಿ, ದನ ಇಳಿಸಬ್ಯಾಡ್ರಿ ಅಂತಾರ ಸಾಹೇಬರು."

"ಆ ಅರಿವಿ ಯಾತಕ್ರಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಅವರು ಹಂಗ ಕುಡೀತಾರ. ಅವರ ಪದ್ಧತಿ ಅದು."

ಎಲ್ಲರೂ ತಲೆಯಾಡಿಸಿದರು. ಸಾಹೇಬರದ್ದೂ ಒಂದು ಮಡಿ ಇರುತ್ತದೆ ಎಂದು ನಾವು ಒಪ್ಪಿಕೊಂಡೆವು. ಊರು ತಲೆಯಾಡಿಸಿದ್ದು ಕಂಡು ಸಾಹೇಬರಿಗೂ ಸಮಾಧಾನವಾಯಿತು. ಮಾಸ್ತರರ ಮನೆಯಲ್ಲೇ ಊಟ ಮಾಡಿ, ನಾನೇ ಸೋಸಿ ತುಂಬಿದ ನೀರು ಕುಡಿದು ಹೊರಟುಹೋದರು.

ಮರುವರ್ಷದ ಬೇಸಿಗೆಯಲ್ಲಿ ನನ್ನ ಎಡಗಾಲಿನ ಪಾದದ ಗಂಟಿನ ಮೇಲೆ ಬೊಬ್ಬೆ ಎದ್ದಿತು. ಯಲಬುರ್ಗಾದ ಕಡೆಯವರು ನನ್ನನ್ನು ನೋಡಿ ಒಪ್ಪಿ ಹೋಗಿದ್ದರು. ಮಳೆಗಾಲದ ಮೊದಲು ಮದುವೆ ಎಂದು ಮಾತಾಗಿತ್ತು. ಬೊಬ್ಬೆ ಒಡೆದು ನಾರು ತಲೆ ಹಾಕಿತು. ಅವ್ವ ಅದಕ್ಕೆ ಜೋಳದ ದಂಟಿನ ಸಿಬಿರು ಕಟ್ಟಿದಳು. ಕೆಂಡ ಇಟ್ಟಂಥ ಉರಿ. ನೀರಿಗಿಳಿದರೆ ಮಾತ್ರ ತಣ್ಣಗಾಗುತ್ತಿತ್ತು. ಕೊಡ ತುಂಬಿದ ಮೇಲೂ ಒಂದಿಷ್ಟು ಹೊತ್ತು ಕಾಲು ಮುಳುಗಿಸಿಕೊಂಡು ಹಾಗೇ ನಿಂತಿರುತ್ತಿದ್ದೆ.

ಕುಂಟುತ್ತ ಹಿತ್ತಲಿಗೆ ಬಂದ ನನ್ನನ್ನು ಮಾಸ್ತರರು ಒಂದು ದಿನ ನೋಡಿದರು. ಕಾಲಿಗೆ ಕಟ್ಟಿದ ಸಿಬಿರನ್ನು ನೋಡಿದರು. ಅಲ್ಲಿಂದಲೇ ಒಳಗೆ ಕೂಗಿ ಹೇಳಿದರು.

"ಇವತ್ತಿಂದ ಅರಿವಿ ನಾಕು ಪದರ ಮಾಡು."

ಅಷ್ಟೇ. ನನಗೆ ಮನೆಗೆ ಹೋಗು ಎನ್ನಲಿಲ್ಲ, ನೀರಿಗೆ ಇಳಿಯಬೇಡ ಎನ್ನಲಿಲ್ಲ. ಅಕ್ಕಾರು ಧೋತರವನ್ನು ನಾಲ್ಕು ಪದರ ಮಾಡಿದರು, ನಾನು ಸೋಸಿದೆ. ಅದಾದ ವಾರದಲ್ಲೇ ಅವರ ಮನೆಗೆ ಬೀಗರು ಬಂದರು, ಇಪ್ಪತ್ತು ಕೊಡ ಬೇಕೆಂದು ಹೇಳಿಕಳಿಸಿದರು. ಹದಿನಾರನೆಯದೋ ಹದಿನೇಳನೆಯದೋ ಕೊಡ ಹೊತ್ತು ಹತ್ತುವಾಗ ಸಿಬಿರು ಕಲ್ಲಿಗೆ ಸಿಕ್ಕಿ ನಾರು ಒಳಗೇ ತುಂಡಾಯಿತು. ಕೊಡ ಎಲ್ಲಿ ಬಿತ್ತೋ... ಕಾಲು ಮೊಣಕಾಲಿನವರೆಗೂ ಬಾತು ಕೀವು ತುಂಬಿ, ಮೂರು ತಿಂಗಳು ಚಾಪೆ ಬಿಟ್ಟು ಏಳಲಿಲ್ಲ. ಎದ್ದಾಗ ಮೊಣಕಾಲು ಮಡಚಿದ್ದು ಮಡಚಿದಂತೆಯೇ ನಿಂತಿತ್ತು. ಯಲಬುರ್ಗಾದವರು ಒಂದು ಸಲ ಬಂದರು, ಹೊರಗಿನ ಕಟ್ಟೆಯ ಮೇಲೇ ಕೂತು, ನೀರು ಕೂಡ ಕುಡಿಯದೆ ಎದ್ದುಹೋದರು.

ಅದರ ಮರುವರ್ಷ ಅವ್ವನ ಕಾಲಿನಲ್ಲಿ ನಾರು ಬಂತು. ಹುಣ್ಣಿಗೆ ನಂಜೇರಿತು, ಮೈ ಬಿಲ್ಲಿನಂತೆ ಸೆಟೆಯಿತು, ಬಾಯಿ ಕಚ್ಚಿಕೊಂಡಿತು. ನಾಲ್ಕನೇ ದಿನ ಹೋದಳು. ಕೊನೆಗೆ ಬಾಯಿಗೆ ನೀರು ಬಿಡಲು ಹಲ್ಲು ಬಿಡಿಸುವುದೂ ಆಗಲಿಲ್ಲ. ಮಣ್ಣಿಗೆ ಮಾಸ್ತರರೂ ಬಂದಿದ್ದರು. ರುಮಾಲು ತೆಗೆದು ಕೈಯಲ್ಲಿ ಹಿಡಿದು, "ಹಣೆಬರಹ, ಯವ್ವಾ. ಯಾರೇನು ಮಾಡಾಕ ಆಗತೈತಿ," ಎಂದರು. ನಾನು ಅವರ ಕಾಲಿಗೆ ಬಿದ್ದು ಅತ್ತೆ. ಇವತ್ತಿಗೂ ನೆನಪಾದರೆ ಅವರ ಪಾದ ಮುಟ್ಟಿದ ನನ್ನ ಹಣೆಯನ್ನು ಕಲ್ಲಿಗೆ ತಿಕ್ಕಿ ತೊಳೆಯಬೇಕು ಅನ್ನಿಸುತ್ತದೆ.

ಸೋದರಮಾವ ನನ್ನನ್ನೂ ತಮ್ಮನನ್ನೂ ಗಂಗಾವತಿಗೆ ಕರೆತಂದ. ಕಾಲು ತೋರಿಸಲು ಹೋದ ದವಾಖಾನೆಯಲ್ಲೇ ಆಯಾ ಕೆಲಸಕ್ಕೆ ನಿಂತೆ. ಅಲ್ಲಿಯ ಕಂಪೌಂಡರರು ನನಗೆ ಅಕ್ಷರ ಕಲಿಸಿದರು, ಕೇಳುತ್ತ ಕೇಳುತ್ತ ಉರ್ದುವೂ ಬಂತು. ಒಂದು ದಿನ ನಾರಿನ ರೋಗಿಯೊಬ್ಬನಿಗೆ ಅವರು ಬೈಯುತ್ತಿದ್ದರು: ಛಾನ್‌ಕರ್ ಪೀಯೋ. ಸೋಸಿ ಕುಡಿ. ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ಬದಿಗೆ ಕೂತು ಕೇಳಿದೆ. ಅವರು ಸಮಾಧಾನದಿಂದ ವಿವರಿಸಿದರು. ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಹುಳ ಇರುತ್ತವೆ, ನಾರಿನ ಮರಿ ಅವುಗಳ ಹೊಟ್ಟೆಯಲ್ಲಿ. ಕುಡಿದರೆ ವರ್ಷ ಕಳೆದು ಕಾಲಿನಿಂದ ಹೊರಬರುತ್ತದೆ. ಎರಡು ಪದರದ ಬಟ್ಟೆಯಲ್ಲಿ ಸೋಸಿದರೆ ಹುಳ ಬಟ್ಟೆಯಲ್ಲೇ ನಿಲ್ಲುತ್ತವೆ. ಅವರು ಹೇಳುತ್ತ ಹೋದರು. ನನ್ನ ಕಣ್ಣೆದುರು ಆ ಬಿಳಿ ಧೋತರ ಬಿಗಿದ ಹಂಡೆ ನಿಂತಿತ್ತು.

ನಿಜಾಮನ ಆಳ್ವಿಕೆ ಮುಗಿದ ಮೇಲೆ, ದಾರಿಗಳು ನೆಟ್ಟಗಾದ ಮೇಲೆ, ನಾನೊಬ್ಬಳೇ ಊರಿಗೆ ಹೋದೆ. ಮಾಸ್ತರರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಮುದುಕರಾಗಿದ್ದರು. ಗುರುತು ಹಿಡಿದು, "ಬಾ ಯವ್ವಾ, ಕುಂಡ್ರು," ಎಂದರು. ಅಕ್ಕಾರು ತಂಬಿಗೆಯಲ್ಲಿ ನೀರು ತಂದಿಟ್ಟರು. ನಾನು ಮುಟ್ಟಲಿಲ್ಲ.

"ಮಾಸ್ತರ್ರ, ಆ ಸಾಹೇಬರು ಸೋಸಿ ಕುಡೀರಿ ಅಂದಿದ್ರು. ನೀವು ಊರಿಗೆ ಹೇಳಲಿಲ್ಲ."

ಅವರು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಪಾವಟಿಗಿ ಒಡದು ಮುಚ್ಚರಿ, ಹಗ್ಗಾ ಹಾಕಿ ಸೇದರಿ ಅಂತಾನೂ ಅಂದಿದ್ರು. ಒಂದು ಹೇಳಿದ್ರ ಎಲ್ಲಾ ಹೇಳಬೇಕಾಗತಿತ್ತು. ನಮ್ಮ ಅಜ್ಜಾರು ತೋಡಿಸಿದ ಬಾವ್ಯಾಗ ರೋಗ ಐತಿ ಅಂತ ನಾನಽ ಡಂಗುರ ಹೊಡೀಲೇನು?"

"ನಿಮ್ಮ ಮನಿಗೆ ಮಾತ್ರ ನನ್ನ ಕಡಿಂದ ಸೋಸಿಸಿಕೊಂಡ್ರಿ."

"ಮುಚ್ಚಿಟ್ಟಿರಲಿಲ್ಲಲ್ಲ. ದಿನಾ ನಿನ್ನ ಕೈಲೇ ಮಾಡಿಸಿದ್ವಿ. ಯಾಕ್ರಿ ಅಂತ ಒಂದು ದಿನ ಕೇಳಿದ್ರ ಹೇಳತಿದ್ದೆ. ನೀ ಕೇಳಲಿಲ್ಲ."

ಬೈಯಲು ಎಷ್ಟೋ ಮಾತು ಕಟ್ಟಿಕೊಂಡು ಹೋಗಿದ್ದೆ. ಮುಟ್ಟದ ತಂಬಿಗೆಯನ್ನು ಅವರ ಕಡೆಗೇ ಸರಿಸಿದೆ. ಆ ಮನೆಯಲ್ಲಿ ಯಾಕೆ ಎಂದು ಕೇಳುವ ಬಾಯಿ ನಮಗೆ ಯಾವಾಗ ಇತ್ತು? ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದರು. ಎದ್ದು ಬಂದೆ. ಮತ್ತೆ ಆ ಊರಿನ ಕಡೆ ಹೋಗಲಿಲ್ಲ.

ಈಗ ಆ ಬಾವಿ ಬತ್ತಿ ಜಾಲಿ ಬೆಳೆದಿದೆಯಂತೆ. ನಾರು ಎಂದರೆ ಈಗಿನ ಡಾಕ್ಟರುಗಳಿಗೂ ಗೊತ್ತಿಲ್ಲ. ನನ್ನ ಮೊಣಕಾಲು ನೋಡಿ, ಬಿದ್ದು ಹೀಗಾಯಿತೇ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಆದರೆ ಕಂಪೌಂಡರರು ಅವತ್ತು ಹೇಳಿದ ಇನ್ನೊಂದು ಮಾತನ್ನು ನಾನು ಮಾಸ್ತರರ ಮುಂದೆಯೂ ಎತ್ತಲಿಲ್ಲ, ತಮ್ಮನಿಗೂ ಹೇಳಲಿಲ್ಲ. ನಾರಿನ ಮರಿ ನೀರಿಗೆ ಸೇರುವುದು ಹುಣ್ಣಿನ ಕಾಲು ನೀರಿಗೆ ಇಳಿದಾಗ. ಆ ಬೇಸಿಗೆ ಉರಿ ತಣಿಯಲೆಂದು ನಾನು ದಿನಾ ಬಾವಿಯಲ್ಲಿ ನಿಂತೆ. ಅದೇ ನೀರಿನ ಕೊನೆಯ ಕೊಡ ನಮ್ಮ ಮನೆಗೆ ತಂದೆ. ಅವ್ವ ಕುಡಿದಳು. ವರ್ಷ ತುಂಬುವಷ್ಟರಲ್ಲಿ ಅವಳ ಕಾಲಿನಲ್ಲಿ ಬಂತು.

ಅವರು ಒಂದು ಮಾತು ಹೇಳಿದ್ದರೆ ನಾನು ನೀರಿಗೆ ಇಳಿಯುತ್ತಿರಲಿಲ್ಲ. ಇದು ನಿಜ, ಅದಕ್ಕಾಗಿ ಅವರನ್ನು ಎಂದೂ ಕ್ಷಮಿಸುವುದಿಲ್ಲ. ಇಷ್ಟು ವಯಸ್ಸಾದ ಮೇಲೂ ದಿನಾ ಮನಸ್ಸಿನಲ್ಲಿ ಅವರನ್ನು ಬೈಯುತ್ತೇನೆ. ಬೈಯುತ್ತಿರುವಷ್ಟು ಹೊತ್ತು ಅವ್ವನ ಮುಖ ಎದುರಿಗೆ ಬರುವುದಿಲ್ಲ. ನಿಲ್ಲಿಸಿದರೆ ಬರುತ್ತದೆ.