ಕುಡಿಯದೆ ಇಟ್ಟ ಕಾಫಿ

ಮಸ್ಕತ್ ಬಿಟ್ಟು ಮರುಭೂಮಿಯ ದಾರಿ ಹಿಡಿದವನು, ದಾರಿಬದಿಯಲ್ಲಿ ಕುಂದಾಪುರದಿಂದ ಬಂದ ಶೆಟ್ಟರು ನಡೆಸುವ ಹೋಟೆಲಿನಲ್ಲಿ ಕುಳಿತಿದ್ದೇನೆ. ಎದುರಿನ ಮೇಜಿನಲ್ಲಿ ಗಡಿಯಾಚೆಯಿಂದ ಬಂದ ಶೇಖ್ ಒಬ್ಬರು. ಅವರ ಮುಂಗೈ ಮೇಲೆ, ಕಣ್ಣು ಮುಚ್ಚುವಂತೆ ತೊಗಲಿನ ಟೋಪಿ ಹಾಕಿದ ಬೇಟೆಯ ಗಿಡುಗ. ಕೌಜುಗದ ಬೇಟೆಗೆ ಹೊರಟಿದ್ದವರನ್ನು ವನ್ಯಜೀವಿ ಕಾವಲುಗಾರ ತಡೆದು, ಈ ಸಲ ಹೊರಗಿನವರಿಗೆ ಬೇಟೆಯಿಲ್ಲ ಎಂದು ಹೇಳಿ, ಸಮಾಧಾನಕ್ಕೆ ಕಾಫಿ ತರಿಸಿದ. ಶೇಖ್ ಬಟ್ಟಲನ್ನು ತುಟಿಗೂ ತಾಗಿಸದೆ ಮೇಜಿನ ಮೇಲಿಟ್ಟರು.

“ಕೆಟ್ಟಿತು ಮಾರಾಯ್ರೆ,” ಶೆಟ್ಟರು ನನಗೆ ಪಿಸುಗುಟ್ಟಿದರು. “ಕೇಳಿದ್ದು ಕೊಡುವವರೆಗೆ ಕುಡಿಯುದಿಲ್ಲ ಅಂತ ಅರ್ಥ. ಇವರ ಕ್ರಮ ಅದು. ಕೊಡದಿದ್ರೆ ಕಾಫಿ ಕೊಟ್ಟವನ ಮರ್ಯಾದೆ ಹೋಯ್ತು.”

ಕಾವಲುಗಾರ ಅಳುಕಲಿಲ್ಲ. ಅವನು ಮುಂದೆ ಹೇಳಿದ್ದು ಆಫೀಸಿನಲ್ಲಿ ಕಲಿತ ನನ್ನ ಅರೆಬರೆ ಅರಬಿಗೂ ಅರ್ಥವಾಯಿತು.

“ನಾನಿನ್ನೂ ದುಡ್ಡು ಕೊಟ್ಟಿಲ್ಲ ಶೇಖ್. ಕಾಫಿ ಇನ್ನೂ ಇವರದ್ದೇ, ಇವರನ್ನೇ ಕೇಳಿ.”

ಎಲ್ಲರೂ ಶೆಟ್ಟರತ್ತ ತಿರುಗಿದರು. ಶೆಟ್ಟರು ಎದೆಯ ಮೇಲೆ ಕೈಯಿಟ್ಟು ನಿಂತರು.

“ನಾನೂ ಹೊರಗಿನವನೇ ಶೇಖ್. ಮೂವತ್ತು ವರ್ಷದಿಂದ ಇಲ್ಲಿದ್ದೇನೆ, ನನಗೇ ಒಂದು ಕೌಜುಗ ಹೊಡೆಯಲು ಬಿಟ್ಟಿಲ್ಲ.”

“ಖಲಾಸ್! ಮಾತು ಮುಗಿಯಿತು!” ಎಂದು ಗಹಗಹಿಸುತ್ತ ಶೇಖ್ ಬಟ್ಟಲೆತ್ತಿದರು.